ಫೈಲನ್ನು ಅಪ್ಪ ಅಮ್ಮನಿಗೂ ಓದಿಸಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ, ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆಂದು ಸಿಡ್ನಿಗೆ ಹೊರಡುವ ಅಪ್ಪ ಅಮ್ಮಂದಿರು ಈಗ ಶಿವಮೊಗ್ಗ, ಧಾರವಾಡ, ಹಾಸನ, ಪುತ್ತೂರು ಎಲ್ಲ ಕಡೆಯೂ ಸಿಗುತ್ತಾರೆ. ಅವರಲ್ಲಿ ಬಹಳ ಮಂದಿಗೆ ಅದೇ ಮೊದಲ ವಿದೇಶ ಪ್ರಯಾಣ, ಕೆಲವರಿಗೆ ಅದೇ ಮೊದಲ ವಿಮಾನ. ಟಿಕೆಟ್ ಮಗ ಬುಕ್ ಮಾಡಿರುತ್ತಾನೆ, ವೀಸಾ ಅರ್ಜಿಯನ್ನು ಸೊಸೆ ತುಂಬಿರುತ್ತಾಳೆ, ವಿಮೆಯನ್ನು ಅಳಿಯ ಆನ್‌ಲೈನಿನಲ್ಲಿ ಮಾಡಿಸಿರುತ್ತಾನೆ. ಎಲ್ಲದರ ಪ್ರಿಂಟ್ ತೆಗೆದು ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ, ‘ಯಾರಾದ್ರೂ ಕೇಳಿದ್ರೆ ಇದನ್ನ ತೋರಿಸಿ’ ಎಂದು ಕೈಗಿಟ್ಟು ಕಳಿಸುತ್ತಾರೆ. ಆ ಫೈಲಿನಲ್ಲಿ ಏನಿದೆ ಎಂಬುದು ಅದನ್ನು ಎದೆಗವಚಿಕೊಂಡು ಹೋಗುವವರಿಗೇ ಗೊತ್ತಿರುವುದಿಲ್ಲ.

ವಿದೇಶ ಪ್ರಯಾಣದ ತಯಾರಿಯಲ್ಲಿ ನಮ್ಮ ಮನೆಗಳು ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಸೂಟ್‌ಕೇಸಿನ ತೂಕವನ್ನು ಮೂರು ಸಲ ನೋಡುತ್ತೇವೆ, ಪ್ರಯಾಣಿಕರನ್ನು ತಯಾರು ಮಾಡುವುದನ್ನು ಮರೆಯುತ್ತೇವೆ. ಇಮಿಗ್ರೇಷನ್ ಕೌಂಟರಿನ ಮುಂದೆ ನಿಂತಾಗ ಮಗ ಜೊತೆಗಿರುವುದಿಲ್ಲ, ಅವನು ಬಾಗಿಲಿನಾಚೆ ಕಾಯುತ್ತಿರುತ್ತಾನೆ. ನಡುವಿನ ಊರಿನಲ್ಲಿ ವಿಮಾನ ತಪ್ಪಿದರೆ, ಬ್ಯಾಗು ಬರದಿದ್ದರೆ, ದಾರಿಯಲ್ಲಿ ಸಕ್ಕರೆ ಕುಸಿದರೆ ಉತ್ತರ ಹೇಳಬೇಕಾದವರು ಅಪ್ಪ ಅಥವಾ ಅಮ್ಮ. ಹಾಗಾಗಿ ತಯಾರಿ ಅವರಿಂದಲೇ ಶುರುವಾಗಬೇಕು.

ಮೊದಲು ಹೆಸರು. ಹಳೆ ಮೈಸೂರಿನ ಕಡೆ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುತ್ತದೆ, ಎರಡೂ ಇಲ್ಲದೆ ಬರೀ ಒಂದೇ ಹೆಸರಿನವರೂ ಬೇಕಾದಷ್ಟು ಮಂದಿ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ಹೀಗಾಗಿ ಆಧಾರಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಮತ್ತೊಂದು ರೀತಿ. ಇಲ್ಲಿ ನಡೆಯುವ ಈ ಸಡಿಲ ಅಲ್ಲಿ ನಡೆಯುವುದಿಲ್ಲ. 2022ರ ನವೆಂಬರಿನಲ್ಲಿ ಯುಎಇ ಸರ್ಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದಿತು. ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಆ ಸೂಚನೆಯನ್ನು ಪ್ರಕಟಿಸಿದವು. ಕೆಲವೇ ದಿನಗಳಲ್ಲಿ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂಬ ವಿವರಣೆ ಬಂತು. ಅಷ್ಟರೊಳಗೆ ಟಿಕೆಟ್ ಮಾಡಿಸಿದ್ದವರ ಆತಂಕ ಎಷ್ಟಿದ್ದಿರಬೇಕು! ಅಮೆರಿಕದ ವೀಸಾದಲ್ಲಿ ಬೇರೆಯದೇ ಪದ್ಧತಿ. ಸರ್‌ನೇಮ್ ಜಾಗ ಖಾಲಿ ಇದ್ದರೆ ನಮ್ಮ ಹೆಸರನ್ನೇ ಸರ್‌ನೇಮಿಗೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂದು ಅಚ್ಚು ಹಾಕುತ್ತಾರೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ವೀಸಾ ತಪ್ಪಾಗಿ ಬಂದಿದೆ ಎಂದು ಇದನ್ನು ನೋಡಿ ಹೆದರುವವರಿದ್ದಾರೆ. ಹೆದರಬೇಕಾಗಿಲ್ಲ.

ಟಿಕೆಟ್ ಬುಕ್ ಮಾಡುವಾಗ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಬೇಕು. ಮದುವೆಯಾದ ಮೇಲೆ ಬದಲಾದ ಅಮ್ಮನ ಹೆಸರು ರೇಷನ್ ಕಾರ್ಡಿನಲ್ಲಿ ಹೇಗಿದ್ದರೂ ಸರಿ, ಇಲ್ಲಿ ಪಾಸ್‌ಪೋರ್ಟಿನ ಹೆಸರೊಂದೇ ಲೆಕ್ಕಕ್ಕೆ ಬರುವುದು. ಜೊತೆಗೆ ಅವಧಿಯನ್ನೂ ನೋಡಿ. ಎಷ್ಟೋ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇರಬೇಕು ಎನ್ನುತ್ತವೆ. ವೀಸಾ ಹಾಳೆಗೆ ಖಾಲಿ ಪುಟಗಳೂ ಇರಬೇಕು.

ಇನ್ನು ವೀಸಾದ ದಿನಾಂಕ. ಅಮೆರಿಕದ ಪ್ರವಾಸಿ ವೀಸಾ ಹತ್ತು ವರ್ಷಕ್ಕೆ ಸಿಕ್ಕಿತೆಂದು ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಅದು ಬಾಗಿಲು ಬಡಿಯುವುದಕ್ಕೆ ಸಿಕ್ಕ ಅನುಮತಿ ಮಾತ್ರ. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಅವರು ಕೊಡುವ ಅವಧಿ ‘ಐ-94’ ಎಂಬ ದಾಖಲೆಯಲ್ಲಿರುತ್ತದೆ, ಸಾಮಾನ್ಯವಾಗಿ ಆರು ತಿಂಗಳು. ಈಗ ಆ ದಾಖಲೆ ಕಾಗದದಲ್ಲಿ ಬರುವುದಿಲ್ಲ, ಅಲ್ಲಿನ ಗಡಿ ಇಲಾಖೆಯ ಜಾಲತಾಣದಲ್ಲಿ ನಾವೇ ನೋಡಿಕೊಳ್ಳಬೇಕು. ಮನೆ ತಲುಪಿದ ದಿನವೇ ನೋಡಿ, ಆ ದಿನಾಂಕವನ್ನು ಅಪ್ಪ ಅಮ್ಮನಿಗೂ ಹೇಳಿ. ಒಂದೇ ದಿನ ಹೆಚ್ಚು ಉಳಿದರೂ ಆ ಹತ್ತು ವರ್ಷದ ವೀಸಾ ರದ್ದಾದಂತೆಯೇ. 180 ದಿನ ದಾಟಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಮತ್ತೆ ಒಳಗೆ ಬಿಡುವುದಿಲ್ಲ. ಮಗುವಿನ ನಾಮಕರಣ ಮುಂದೆ ಹೋಯಿತು, ಇನ್ನೊಂದು ಹದಿನೈದು ದಿನ ಇದ್ದು ಹೋಗಿ ಎಂಬ ಪ್ರೀತಿಯ ಒತ್ತಾಯಕ್ಕೆ ಮಣಿಯುವ ಮುನ್ನ ಇದು ನೆನಪಿರಲಿ. ಇನ್ನೂ ಇರಲೇಬೇಕಾದ ಕಾರಣವಿದ್ದರೆ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು.

ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ. ಹಿಂದೆ ಠಸ್ಸೆ ನೋಡಿ ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡು ಕಂಪ್ಯೂಟರೇ ಎಣಿಸುತ್ತದೆ.

ಅಗ್ಗದ ಟಿಕೆಟ್ ಹುಡುಕುವ ಮಕ್ಕಳು ಮರೆಯುವುದು ನಡುವಿನ ನಿಲುಗಡೆಯನ್ನು. ಲಂಡನ್ನಿನಲ್ಲಿ ವಿಮಾನ ಬದಲಿಸುವುದಾದರೆ, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಭಾರತೀಯ ಪಾಸ್‌ಪೋರ್ಟಿನವರಿಗೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಚಾಲ್ತಿ ವೀಸಾ ಕೈಯಲ್ಲಿದ್ದರೆ ಅದರಿಂದ ವಿನಾಯಿತಿ ಇದೆ. ಅಮೆರಿಕದ ಮೂಲಕ ಬೇರೆ ದೇಶಕ್ಕೆ ಹೋಗುವುದಾದರೆ ಒಂದು ಗಂಟೆಯ ನಿಲುಗಡೆಗೂ ಅಲ್ಲಿನ ವೀಸಾ ಬೇಕೇ ಬೇಕು. ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಹೋಗುವಾಗ ತೊಡಕು ಇನ್ನೂ ಹೆಚ್ಚು. ನಡುವೆ ಇಳಿದು, ಇಮಿಗ್ರೇಷನ್ ದಾಟಿ, ಲಗೇಜು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾವ ಕಂಪನಿಯೂ ಹೊಣೆ ಹೊರುವುದಿಲ್ಲ. ಮೊದಲ ಸಲ ಹೋಗುವ ಅರುವತ್ತೈದರ ಹಿರಿಯರಿಗೆ ಹತ್ತು ಸಾವಿರ ರೂಪಾಯಿ ಉಳಿತಾಯಕ್ಕಾಗಿ ಈ ಕಷ್ಟ ಕೊಡಬಾರದು. ಒಂದೇ ಟಿಕೆಟ್, ಒಂದೇ ನಿಲುಗಡೆ, ಮೂರು ಗಂಟೆಯಾದರೂ ಅಂತರ ಇರಲಿ. ಮಂಡಿನೋವಿದ್ದರೆ ಗಾಲಿಕುರ್ಚಿಯನ್ನು ಮೊದಲೇ ಕೇಳಿಡಿ. ಅದಕ್ಕೆ ಹಣ ಕೊಡಬೇಕಿಲ್ಲ, ಗೇಟಿನಿಂದ ಗೇಟಿಗೆ ದಾರಿ ಗೊತ್ತಿರುವ ಒಬ್ಬರು ಜೊತೆಗಿರುತ್ತಾರೆ. ಇಂಗ್ಲಿಷ್ ಬಾರದವರಿಗೆ ಆ ಜೊತೆಯೇ ದೊಡ್ಡ ಧೈರ್ಯ.

ಕೌಂಟರಿನಲ್ಲಿ ಕೇಳುವುದು ನಾಲ್ಕೈದೇ ಪ್ರಶ್ನೆ. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಎಲ್ಲಿ ಉಳಿಯುತ್ತೀರಿ, ಮಗ ಏನು ಕೆಲಸ ಮಾಡುತ್ತಾನೆ, ವಾಪಸ್ ಟಿಕೆಟ್ ಇದೆಯೇ. ಉತ್ತರಗಳು ಸತ್ಯವಾಗಿರಬೇಕು, ಚಿಕ್ಕದಾಗಿರಬೇಕು, ವೀಸಾ ಅರ್ಜಿಯಲ್ಲಿ ಬರೆದದ್ದಕ್ಕೆ ಹೊಂದಬೇಕು. ಅರ್ಜಿಯಲ್ಲಿ ಸೊಸೆ ‘ಮೂರು ತಿಂಗಳು’ ಎಂದು ತುಂಬಿ, ಅತ್ತೆ ಕೌಂಟರಿನಲ್ಲಿ ‘ಆರು ತಿಂಗಳು’ ಎಂದರೆ ಅನುಮಾನ ಬರುವುದು ಸಹಜ. ಪ್ರವಾಸಿ ವೀಸಾದಲ್ಲಿ ಹೋದವರು ಕೆಲಸ ಮಾಡುವಂತಿಲ್ಲ. ‘ಮಗು ನೋಡಿಕೊಳ್ಳೋಕೆ ಬಂದೆ’ ಎಂದಷ್ಟೇ ಹೇಳಿದರೆ ಆಯಾ ಕೆಲಸಕ್ಕೆ ಕರೆಸಿದ್ದಾರೆಯೇ ಎಂದು ಅವರು ಕೆದಕಬಹುದು. ಮಗಳನ್ನೂ ಮೊಮ್ಮಗುವನ್ನೂ ನೋಡಲು ಬಂದಿದ್ದೇನೆ, ಇಂಥ ದಿನ ಹಿಂತಿರುಗುತ್ತೇನೆ ಎಂಬುದು ನಿಜವೂ ಹೌದು, ಸಾಕೂ ಹೌದು. ಪ್ರಶ್ನೆ ಅರ್ಥವಾಗದಿದ್ದರೆ ತಲೆಯಾಡಿಸಬೇಡಿ ಎಂದು ಅಪ್ಪ ಅಮ್ಮನಿಗೆ ಮತ್ತೆ ಮತ್ತೆ ಹೇಳಿ. ‘ಕನ್ನಡ’ ಎಂದು ಹೇಳಿ ದುಭಾಷಿಯನ್ನು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಇದಕ್ಕಾಗಿ ಪೋಸ್ಟ್‌ಕಾರ್ಡ್ ಅಳತೆಯ ಒಂದು ದಪ್ಪ ಕಾಗದ ಮಾಡಿಕೊಡಿ. ಒಂದು ಬದಿಯಲ್ಲಿ ಇಂಗ್ಲಿಷ್: ನನಗೆ ಕನ್ನಡ ಮಾತ್ರ ಬರುತ್ತದೆ, ನಾನು ಇಂಥ ವಿಮಾನದಲ್ಲಿ ಇಂಥ ಊರಿಗೆ ಹೋಗಬೇಕು, ನನಗೆ ಸಕ್ಕರೆ ಕಾಯಿಲೆ ಇದೆ, ನನ್ನ ಮಗನ ಫೋನ್ ಇದು, ಅವನು ಸಿಗದಿದ್ದರೆ ಇವರಿಗೆ ಮಾಡಿ. ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ: ಮೊದಲ ವಿಮಾನ ಎಷ್ಟಕ್ಕೆ ಇಳಿಯುತ್ತದೆ, ಅಲ್ಲಿ ಎಷ್ಟು ಹೊತ್ತು ಕಾಯಬೇಕು, ಲಗೇಜನ್ನು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ತೆಗೆದುಕೊಳ್ಳಬಾರದು. ಅಮ್ಮನ ಪರ್ಸಿನಲ್ಲಿ ಒಂದು, ಅಪ್ಪನ ಶರ್ಟಿನ ಜೇಬಿನಲ್ಲಿ ಒಂದು. ಫೋನಿನ ಚಾರ್ಜು ಮುಗಿದರೂ ಈ ಕಾಗದ ಮಾತಾಡುತ್ತದೆ.

ಈಗ ಬ್ಯಾಗಿಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಮ್ಮ ಅಮ್ಮಂದಿರ ಪ್ರೀತಿಯೆಲ್ಲ ಇರುವುದು ಅದರಲ್ಲಿ. ಬಾಣಂತನದ ಬ್ಯಾಗೆಂದರೆ ಲೇಹ, ಅಂಟಿನ ಉಂಡೆ, ಕಾಳುಮೆಣಸಿನ ಪುಡಿ, ಬಜೆ, ಸಾರಿನ ಪುಡಿ, ಕೊಬ್ಬರಿ, ಗಸಗಸೆ. ಇವುಗಳಲ್ಲಿ ಎರಡನ್ನು ಕಣ್ಣಿಟ್ಟು ನೋಡಬೇಕು. ಗಸಗಸೆ ನಮಗೆ ಪಾಯಸದ ವಸ್ತು, ಆದರೆ ಅದು ಅಫೀಮಿನ ಗಿಡದ ಬೀಜ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದಕ್ಕೆ ನಿಷೇಧವಿದೆ. ಅಲ್ಲಿ ಅದು ಮಾದಕವಸ್ತು ಕಾನೂನಿನ ವ್ಯಾಪ್ತಿಗೆ ಬರುತ್ತದೆ, ‘ಅಡುಗೆಗೆ ತಂದದ್ದು’ ಎಂಬ ಮಾತಿಗೆ ಬೆಲೆ ಇಲ್ಲ. ಉಂಡೆಗೆ ಹಾಕಿದ ಗಸಗಸೆ, ಮಸಾಲೆ ಪುಡಿಗೆ ಹುರಿದು ಸೇರಿಸಿದ ಗಸಗಸೆ ಕೂಡ ಗಸಗಸೆಯೇ. ಮಗಳು ದುಬೈನಲ್ಲಿದ್ದರೆ ಉಂಡೆಯನ್ನು ಅದಿಲ್ಲದೆ ಕಟ್ಟಿ. ಯುಎಇಗೆ ವೀಳ್ಯದೆಲೆಯನ್ನೂ ಒಯ್ಯುವಂತಿಲ್ಲ. ತಾಂಬೂಲದ ಅಭ್ಯಾಸವಿರುವ ಹಿರಿಯರಿಗೆ ಇದನ್ನು ಮೊದಲೇ ತಿಳಿಸಬೇಕು.

ಕೊಬ್ಬರಿಯದು ಬೇರೆ ಕಥೆ. ತಿಪಟೂರಿನ ಕೊಬ್ಬರಿ ಗಿಟುಕು ಕೈಯಲ್ಲಿ ಹಿಡಿದರೆ ಎಣ್ಣೆ ಹತ್ತುತ್ತದಲ್ಲ, ಆ ಎಣ್ಣೆಯೇ ತೊಂದರೆ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿಗೆ ವಿಮಾನಯಾನದ ನಿಯಮಗಳು ಅದನ್ನು ಸೇರಿಸಿವೆ. 2022ರಲ್ಲಿ ನಮ್ಮ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನ ನಿಷೇಧಿತ ಪಟ್ಟಿಗೆ ಹಾಕಿತು. ಬೆಂಗಳೂರಿನಲ್ಲೇ ಬ್ಯಾಗು ತೆಗೆಸಿ, ಕಟ್ಟಿದ ಗಂಟು ಬಿಚ್ಚಿಸುತ್ತಾರೆ. ಮುನ್ನೂರು ಕಿಲೋಮೀಟರ್ ದೂರದಿಂದ ತಂದ ಕೊಬ್ಬರಿಯನ್ನು ಅಲ್ಲಿ ಬಿಟ್ಟು ಹೋಗುವಾಗಿನ ಸಂಕಟ ಯಾಕೆ ಬೇಕು?

ಕರಿಬೇವನ್ನು ಹಸಿಯಾಗಿ ಅಮೆರಿಕಕ್ಕೆ ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆ ಜಾತಿಯ ಮರಗಳನ್ನು ಕೊಲ್ಲುವ ರೋಗವನ್ನು ಹರಡುವ ಒಂದು ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅಲ್ಲಿನ ತೋಟಗಾರರ ಬದುಕಿನ ಪ್ರಶ್ನೆ ಅದು. ನಮ್ಮ ಅಡಿಕೆಗೆ ರೋಗ ಬಂದಾಗ ಮಲೆನಾಡು ಹೇಗೆ ತತ್ತರಿಸುತ್ತದೆ ಎಂದು ಬಲ್ಲ ನಮಗೆ ಈ ನಿಯಮ ಅರ್ಥವಾಗಬೇಕು. ಹಸಿ ಹಣ್ಣು, ಬಿತ್ತುವ ಬೀಜ, ಮಾಂಸದ ಪದಾರ್ಥಗಳಿಗೂ ಇದೇ ಬಿಗಿ. ಆಹಾರ ತಂದಿದ್ದೀರಾ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಹೇಳಿ. ಹೌದು ಎಂದರೆ ನೋಡುತ್ತಾರೆ, ಬೇಡವಾದದ್ದನ್ನು ಎಸೆದು ಕಳಿಸುತ್ತಾರೆ. ಇಲ್ಲ ಎಂದು ಹೇಳಿ ಸಿಕ್ಕಿಬಿದ್ದರೆ ದಂಡ. ಆಸ್ಟ್ರೇಲಿಯಾದಲ್ಲಿ ಪ್ರವಾಸಿ ವೀಸಾವೇ ರದ್ದಾಗಬಹುದು.

ಬೇರೆಯವರ ಪಾರ್ಸೆಲ್ ಒಯ್ಯಬೇಡಿ. ಇದನ್ನು ಹೇಳುವುದು ಕಷ್ಟ, ಏಕೆಂದರೆ ಪಕ್ಕದ ಮನೆಯವರು ‘ನಮ್ಮ ಹುಡುಗನಿಗೆ ಒಂದು ಕೆಜಿ ಚಕ್ಕುಲಿ’ ಎಂದಾಗ ಬೇಡ ಎನ್ನುವುದು ನಮ್ಮಲ್ಲಿ ರೂಢಿಯಿಲ್ಲ. 2019ರಲ್ಲಿ ಮುಂಬೈನ ದಂಪತಿ ಕತಾರಿಗೆ ಹೋದಾಗ, ಸಂಬಂಧಿಕರೊಬ್ಬರು ಕೊಟ್ಟ ಪೊಟ್ಟಣದಲ್ಲಿ ನಾಲ್ಕು ಕೆಜಿಯಷ್ಟು ಹಶೀಶ್ ಸಿಕ್ಕಿತು. ಹತ್ತು ವರ್ಷದ ಸಜೆಯಾಯಿತು. ಆ ಹೆಣ್ಣುಮಗಳು ಆಗ ಗರ್ಭಿಣಿ, ಮಗು ಹುಟ್ಟಿದ್ದು ಜೈಲಿನಲ್ಲಿ. ಅವರು ಮೋಸ ಹೋದವರು ಎಂಬುದು ಸಾಬೀತಾಗಿ ಬಿಡುಗಡೆಯಾದದ್ದು 2021ರಲ್ಲಿ. ಒಯ್ಯಲೇಬೇಕಾದ ಮುಲಾಜಿದ್ದರೆ ಪೊಟ್ಟಣವನ್ನು ಅವರೆದುರೇ ಬಿಚ್ಚಿ, ನೋಡಿ, ನಿಮ್ಮ ಕೈಯಿಂದ ಮತ್ತೆ ಕಟ್ಟಿ.

ಔಷಧಿಯ ವಿಷಯದಲ್ಲಿ ನಮ್ಮದು ತೀರಾ ಉದಾಸೀನ. ಮಾತ್ರೆಗಳ ಪಟ್ಟಿಯನ್ನು ಕತ್ತರಿಸಿ, ಹೆಸರೇ ಕಾಣದ ತುಂಡುಗಳನ್ನು ಡಬ್ಬಿಗೆ ತುಂಬುತ್ತೇವೆ. ಮೂಲ ಪಟ್ಟಿಯಲ್ಲೇ ಇರಲಿ, ಡಾಕ್ಟರ ಇಂಗ್ಲಿಷ್ ಚೀಟಿ ಜೊತೆಗಿರಲಿ. ಆ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಮ್ಮ ಡೋಲೋ ಅಲ್ಲಿ ಯಾರಿಗೂ ಗೊತ್ತಿಲ್ಲ, ಪ್ಯಾರಾಸಿಟಮಾಲ್ ಎಂಬುದನ್ನೂ ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್ಪುಗಳಲ್ಲಿರುವ ಕೋಡೀನ್, ನಿದ್ದೆಗೆ ನುಂಗುವ ಆಲ್ಪ್ರಜೋಲಮ್, ನರದ ಉರಿಗೆ ಕೊಡುವ ಪ್ರಿಗಬಾಲಿನ್ ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಔಷಧಗಳು, ಮೊದಲೇ ಅನುಮತಿ ಪಡೆದು ಒಯ್ಯಬೇಕು. ಸಕ್ಕರೆ ಕಾಯಿಲೆಯಿಂದ ಕಾಲುರಿ ಇರುವ ಎಷ್ಟು ಹಿರಿಯರು ಪ್ರಿಗಬಾಲಿನ್ ನುಂಗುತ್ತಿದ್ದಾರೆ ಎಂದು ಯಾವುದೇ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನೋಡಿ. ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚಿನ ಔಷಧ ಒಯ್ಯಲು ಅಲ್ಲಿನ ಸರ್ಕಾರದ ಪತ್ರ ಬೇಕು. ಅಮೆರಿಕಕ್ಕೆ 90 ದಿನಗಳಿಗಾಗುವಷ್ಟು ಒಯ್ಯಬಹುದು. ಆರು ತಿಂಗಳು ಇರುವವರು ಉಳಿದದ್ದಕ್ಕೆ ಏನು ದಾರಿ ಎಂದು ಡಾಕ್ಟರನ್ನೂ ಮಕ್ಕಳನ್ನೂ ಮೊದಲೇ ಕೇಳಿಕೊಳ್ಳಬೇಕು.

ಇನ್ಸುಲಿನ್ ಯಾವತ್ತೂ ಕೈಚೀಲದಲ್ಲೇ ಇರಬೇಕು. ವಿಮಾನದ ಹೊಟ್ಟೆಯ ಚಳಿಗೆ ಅದು ಹೆಪ್ಪುಗಟ್ಟಿದರೆ ಆಮೇಲೆ ಕೆಲಸಕ್ಕೆ ಬಾರದು. ಹನ್ನೆರಡು ಗಂಟೆ ಹಿಂದಿರುವ ಊರಿಗೆ ಹೋಗುವಾಗ ಯಾವ ಹೊತ್ತಿಗೆ ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಡಾಕ್ಟರರ ಬಳಿ ಬರೆಸಿಕೊಳ್ಳಿ. ಕೀನ್ಯಾ ಸಫಾರಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಹಿಂತಿರುಗಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ವಿಮೆಯ ವಿಷಯಕ್ಕೆ ಬಂದರೆ, ಇಡೀ ತಯಾರಿಯಲ್ಲಿ ಅತಿ ಹೆಚ್ಚು ಓದಬೇಕಾದ ಕಾಗದ ಅದೇ, ಅತಿ ಕಡಿಮೆ ಓದುವ ಕಾಗದವೂ ಅದೇ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಅಮೆರಿಕಕ್ಕೆ ಕಡ್ಡಾಯವಲ್ಲ, ಆದರೆ ಅದಿಲ್ಲದೆ ಹೋಗಬಾರದ ದೇಶವೆಂದರೆ ಅಮೆರಿಕವೇ. ಅಲ್ಲಿ ಹೃದಯದ ಒಂದು ಶಸ್ತ್ರಚಿಕಿತ್ಸೆಯ ಬಿಲ್ಲು ಲಕ್ಷ ಡಾಲರ್ ದಾಟುವುದು ಮಾಮೂಲು. ಮಗನ ವರ್ಷಗಳ ಉಳಿತಾಯವೆಲ್ಲ ಒಂದು ವಾರದಲ್ಲಿ ಕರಗಬಹುದು.

ಪಾಲಿಸಿಯಲ್ಲಿ ಮೂರು ಸಂಗತಿ ಹುಡುಕಿ. ಮೊದಲನೆಯದು, ಮೊದಲೇ ಇದ್ದ ಕಾಯಿಲೆಗೆ ಏನು ಹೇಳುತ್ತದೆ ಎಂಬುದು. ಅರುವತ್ತು ದಾಟಿದವರಲ್ಲಿ ಬಿಪಿ, ಶುಗರ್ ಇಲ್ಲದವರು ಎಷ್ಟು ಮಂದಿ? ಅನೇಕ ಪಾಲಿಸಿಗಳು ಹಳೆಯ ಕಾಯಿಲೆಯನ್ನು ಪೂರ್ತಿ ಹೊರಗಿಡುತ್ತವೆ, ಕೆಲವು ಅದು ದಿಢೀರನೆ ಉಲ್ಬಣಿಸಿದಾಗ ಮಾತ್ರ, ಒಂದು ಮಿತಿಯೊಳಗೆ ಕೊಡುತ್ತವೆ. ಪ್ರೀಮಿಯಂ ಉಳಿಸಲು ಬಿಪಿಯನ್ನು ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿನಲ್ಲಿ ಅದೇ ಉರುಳಾಗುತ್ತದೆ. ಎರಡನೆಯದು, ಪಾಲಿಸಿ ಬಿಲ್ಲಿನ ಪ್ರಕಾರ ಕೊಡುತ್ತದೆಯೋ, ಇಂತಿಂಥ ಚಿಕಿತ್ಸೆಗೆ ಇಂತಿಷ್ಟೇ ಎಂದು ಕೊಡುತ್ತದೆಯೋ ಎಂಬುದು. ಅಗ್ಗದ ಪಾಲಿಸಿಗಳು ಬಹುತೇಕ ಎರಡನೇ ಬಗೆಯವು. ಹೊರಗೆ ದೊಡ್ಡ ಮೊತ್ತ ಬರೆದಿರುತ್ತದೆ, ಒಳಗಿನ ಪಟ್ಟಿಯಲ್ಲಿ ಒಂದು ದಿನದ ಆಸ್ಪತ್ರೆಗೆ ಇಷ್ಟು, ಒಂದು ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಚಿಕ್ಕ ಮೊತ್ತಗಳಿರುತ್ತವೆ. ಉಳಿದದ್ದು ನಿಮ್ಮ ತಲೆಯ ಮೇಲೆ. ಮೂರನೆಯದು, ಆಸ್ಪತ್ರೆಗೆ ಕಂಪನಿ ನೇರವಾಗಿ ಕಟ್ಟುತ್ತದೆಯೇ, ನೀವು ಕಟ್ಟಿ ಆಮೇಲೆ ಪಡೆಯಬೇಕೇ ಎಂಬುದು. ಪಾಲಿಸಿಯ ಸಹಾಯವಾಣಿಗೆ ಕೂಡಲೇ ಫೋನ್ ಮಾಡಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ನಂಬರ್ ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿರಲಿ.

ನೆಗಡಿ, ಜ್ವರ, ಸಣ್ಣ ಗಾಯಕ್ಕೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕಿಲ್ಲ. ‘ಅರ್ಜೆಂಟ್ ಕೇರ್’ ಎಂಬ ಚಿಕ್ಕ ದವಾಖಾನೆಗಳು ಅಮೆರಿಕದಲ್ಲಿ ಎಲ್ಲ ಕಡೆ ಇವೆ, ಖರ್ಚೂ ಬಹಳ ಕಡಿಮೆ. ಆದರೆ ಎದೆನೋವು, ಮಾತು ತೊದಲುವುದು, ಒಂದು ಬದಿ ಕೈಕಾಲು ಸೋಲುವುದು ಕಂಡರೆ ಬಿಲ್ಲಿನ ಯೋಚನೆ ಬಿಟ್ಟು 911ಕ್ಕೆ ಕರೆ ಮಾಡಲೇಬೇಕು. ‘ಮಗನಿಗೆ ಖರ್ಚಾಗುತ್ತದೆ’ ಎಂದು ನೋವು ನುಂಗಿಕೊಂಡು ಕೂರುವ ತಾಯಂದಿರು ನಮ್ಮಲ್ಲಿ ಬಹಳ. ಹಣವಿಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ ಎಂಬ ಕಾನೂನು ಅಲ್ಲಿ 1986ರಿಂದ ಇದೆ. ಇದನ್ನು ಅಮ್ಮನಿಗೆ ಹೊರಡುವ ಮುನ್ನವೇ ಕೂರಿಸಿ ಹೇಳಿ.

ಹಣದ ಮಾತು ಬೇಗ ಮುಗಿಯುತ್ತದೆ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ, ಆ್ಯಪಿನಲ್ಲಿ ತೆರೆದುಕೊಳ್ಳಬೇಕು. ಓಟಿಪಿ ಬರಬೇಕಾದ ಸಿಮ್ಮಿಗೆ ರೋಮಿಂಗ್ ಹಾಕಿಸಬೇಕು. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಯಂತ್ರ ಕೇಳಿದರೆ ಬೇಡ ಎಂದು ಆ ದೇಶದ ಹಣವನ್ನೇ ಆರಿಸಿ, ರೂಪಾಯಿ ಆರಿಸಿದರೆ ದರ ದುಬಾರಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. 20,000 ಎಂಎಎಚ್‌ವರೆಗಿನದು ಸಾಮಾನ್ಯವಾಗಿ ಮಿತಿಯೊಳಗಿರುತ್ತದೆ, ಆದರೆ ವಿಮಾನದೊಳಗೆ ಅದನ್ನು ಬಳಸುವುದನ್ನೇ ಕೆಲವು ಕಂಪನಿಗಳು 2025ರಿಂದ ನಿಲ್ಲಿಸಿವೆ. ಥಾಯ್ಲೆಂಡ್, ಸಿಂಗಪುರಗಳಿಗೆ ಆನ್‌ಲೈನಿನಲ್ಲಿ ತುಂಬಬೇಕಾದ ಆಗಮನ ಪತ್ರ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

ಕಾಗದ ಬೇರೆಯವರ ಕೈಯಲ್ಲಿರುವ ಇನ್ನೊಂದು ಗುಂಪಿದೆ, ಅವರ ಅಪಾಯ ಇನ್ನೂ ದೊಡ್ಡದು. ಮಂಗಳೂರು, ಭಟ್ಕಳದ ಕಡೆಯಿಂದ ಕೊಲ್ಲಿಗೆ ದುಡಿಯಲು ಹೋಗುವವರು, ಈಗೀಗ ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ನಂಬಿ ಹೊರಡುವ ಹುಡುಗರು. ಬ್ಯಾಂಕಾಕಿನಲ್ಲಿ ಇಳಿಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಸುತ್ತಲಿನ ಬೇಲಿ ಹಾಕಿದ ಕಟ್ಟಡಗಳಿಗೆ ಒಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಾರೆ. 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸೋಟ್‌ನಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಕೆಲಸಕ್ಕೆ ಹೋಗುವವರು ಪ್ರವಾಸಿ ವೀಸಾದಲ್ಲಿ ಹೋಗಕೂಡದು. ಏಜೆಂಟರ ಹೆಸರು ವಿದೇಶಾಂಗ ಇಲಾಖೆಯ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಇದೆಯೇ ಎಂದು ನೋಡಬೇಕು. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಎರಡು ಲಕ್ಷ ಕೇಳಿದವರನ್ನು ನಂಬಿ ಅಮ್ಮನ ಸರ ಅಡವಿಡಬೇಡಿ. ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿಗೆ ಕೊಲ್ಲಿಯೂ ಸೇರಿ 18 ದೇಶಗಳ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕು. ಅವರಿಗಾಗಿಯೇ ಇರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ. ಅನುಮತಿ ತಪ್ಪಿಸಿ ಕಳಿಸುತ್ತೇನೆ ಎನ್ನುವ ಏಜೆಂಟ್ ಈ ರಕ್ಷಣೆಯನ್ನೂ ತಪ್ಪಿಸುತ್ತಿದ್ದಾನೆ.

ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಅದರಲ್ಲೇ ಹಾಗೆ ಅಚ್ಚಾಗಿದೆ. ಮಾಲೀಕನಿಗೆ ಒತ್ತೆ ಇಡುವ ವಸ್ತು ಅದಲ್ಲ. ಕಳೆದರೆ ಅಥವಾ ಯಾರಾದರೂ ಕಿತ್ತುಕೊಂಡರೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ಆ ಪ್ರತಿಯೊಂದಿಗೆ ಭಾರತದ ರಾಯಭಾರ ಕಚೇರಿಗೆ ಹೋದರೆ ಊರಿಗೆ ಮರಳುವ ಒಂದು ಪ್ರಯಾಣಕ್ಕೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಹೋಗಲಾಗದ ಸ್ಥಿತಿಯಲ್ಲಿದ್ದರೆ ಊರಿನಲ್ಲಿರುವ ಮನೆಯವರೇ ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು, 2015ರಿಂದ ಆ ಸೌಲಭ್ಯವಿದೆ. ಸಂಕಷ್ಟದಲ್ಲಿರುವವರ ಊಟ, ವಸತಿ, ವಾಪಸ್ ಟಿಕೆಟ್ಟಿಗೆಂದು ರಾಯಭಾರ ಕಚೇರಿಗಳಲ್ಲಿ ಒಂದು ಕಲ್ಯಾಣ ನಿಧಿಯೂ ಇದೆ. ಇದಕ್ಕೆಲ್ಲ ಪಾಸ್‌ಪೋರ್ಟಿನ ನಂಬರ್ ಬೇಕಾಗುತ್ತದೆ. ಹೊರಡುವ ಮುನ್ನ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ, ವೀಸಾ ಇವುಗಳ ಜೆರಾಕ್ಸ್ ತೆಗೆಸಿ ಊರಿನ ಮನೆಯ ಬೀರುವಿನಲ್ಲಿ ಒಂದು ಪ್ರತಿ ಇಡಿ, ಅದು ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.